ಒಂದು ಸ್ಕೋಪು, ಇಬ್ಬರ ಕಣ್ಣು

ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಳ್ಳುವುದು ನನಗೆ ಹೊಸದಲ್ಲ. ಕೈ ಈರುಳ್ಳಿಯ ಮೇಲಿದ್ದರೂ ಮನಸ್ಸು ಕುಕ್ಕರಿನಲ್ಲಿರುತ್ತದೆ, ಕಿವಿ ಲಿಫ್ಟಿನ ಬಾಗಿಲಲ್ಲಿರುತ್ತದೆ, ಕಾಲು ಆಗಲೇ ಬಾಲ್ಕನಿಯ ಬಟ್ಟೆ ತೆಗೆಯಲು ಹೊರಟಿರುತ್ತದೆ. ಮೊನ್ನೆಯೂ ಹಾಗೇ ಆಯಿತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ಔಷಧದ ಡಬ್ಬಿ ತೆರೆದರೆ ಹತ್ತಿ ಇದೆ, ಮುಲಾಮು ಇದೆ, ಅದರ ಮೇಲೆ ಅಂಟಿಸುವ ಬಿಳಿ ಕಾಗದದ ಟೇಪು ಮಾತ್ರ ಇಲ್ಲ. ಇದ್ದದ್ದು ಅದರ ಖಾಲಿ ರಟ್ಟಿನ ಬಳೆ. ಯಾರು ಮುಗಿಸಿದ್ದು ಇದನ್ನು ಎಂದು ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಮುಗಿಸಿದವಳು ನಾನೇ. ಗಾಯಕ್ಕಲ್ಲ, ಬಂದೂಕಿಗೆ.

ಗಾಬರಿ ಬೇಡ. ಬಂದೂಕು ಎಂದರೆ ಏರ್‌ಗನ್ನು, ಸೀಸದ ಪುಟ್ಟ ಛರ್ರೆಯನ್ನು ಗಾಳಿಯ ಒತ್ತಡದಿಂದ ಹಾರಿಸುವಂಥದ್ದು. ನಮ್ಮದಕ್ಕೆ ಲೈಸೆನ್ಸು ಬೇಡ, ಮನೆಯವರ ಸಹನೆ ಸಾಕು. ಐವತ್ತು ದಾಟಿದ ಹೆಂಗಸು, ಐರೋಲಿಯ ಆಫೀಸೊಂದರಲ್ಲಿ ಬಿಲ್ಲುಗಳನ್ನು ತಾಳೆ ನೋಡುವವಳು, ಭಾನುವಾರ ಬಂದೂಕು ಹಿಡಿಯುತ್ತಾಳೆ ಎಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ, ನಮ್ಮ ಮಗಳೂ ನಗುತ್ತಾಳೆ. ಪುಣೆಯ ಹಾಸ್ಟೆಲಿನಿಂದ ಫೋನ್ ಮಾಡಿದಾಗಲೆಲ್ಲ, "ಆಯಿ, ತುಮ್ಹೀ ದೋಘೇ ವೇಡೇ ಆಹಾತ್" ಎನ್ನುತ್ತಾಳೆ. ನಿಮಗಿಬ್ಬರಿಗೂ ಹುಚ್ಚು ಎಂದು ಅರ್ಥ. ಮರಾಠಿಯಲ್ಲಿ ಬೈಸಿಕೊಂಡರೆ ಅಷ್ಟು ನಾಟುವುದಿಲ್ಲ.

ಅವಳು ಮರಾಠಿ ಹಿಡಿದದ್ದಕ್ಕೂ ನಾವಿಬ್ಬರೇ ಕಾರಣ. ನಾನು ಉಡುಪಿ ಕಡೆಯವಳು, ನಮ್ಮವರು ವಿಜಯಪುರದ ಕಡೆಯವರು. ಡೊಂಬಿವಲಿಯ ಕನ್ನಡದವರು ನಡೆಸಿದ ಕೇರಂ ಸ್ಪರ್ಧೆಯಲ್ಲಿ ಪರಿಚಯ. ಅವರಿಗೆ ಎರಡನೆಯ ಬಹುಮಾನ ಬಂದಿತ್ತು, ನಾನು ಬಹುಮಾನದ ಸ್ಟೀಲ್ ಡಬ್ಬಿಗಳಿಗೆ ಕಾಗದ ಸುತ್ತುವ ಕೆಲಸದಲ್ಲಿದ್ದೆ. ಮದುವೆಯಾದ ಮೇಲೆ ನಾನು "ಉಂಟು" ಎಂದರೆ ಅವರು "ಐತಿ" ಎನ್ನುತ್ತಿದ್ದರು. ಮಗು ಎರಡನ್ನೂ ಕೇಳಿ, ಕೆಳಗೆ ಆಡುವ ಮಕ್ಕಳ ಮಾತೇ ಸಲೀಸು ಎಂದು ತೀರ್ಮಾನಿಸಿತು.

ಮಾತು ಎಲ್ಲಿಗೋ ಹೋಯಿತು. ನನ್ನದು ಹೀಗೇ. ಕೂತಲ್ಲಿ ಕೂರುವ ಜಾತಕವೇ ಅಲ್ಲ ಎಂದು ಅಮ್ಮ ಹೇಳುತ್ತಿದ್ದರು. ಸಂಜೆ ಐರೋಲಿಯಿಂದ ಠಾಣೆಗೆ ಬರುವಾಗ ಸೀಟು ಸಿಕ್ಕರೂ ನಾನು ಕೂರುವುದಿಲ್ಲ. ಇಳಿಯುವ ಸ್ಟೇಷನ್ನಿಗೆ ಮೊದಲೇ ಬಾಗಿಲಿಗೆ ಹೋಗಿ ನಿಂತು, ಹಿಂದಿನವರಿಂದ ಬೈಸಿಕೊಳ್ಳುತ್ತೇನೆ. ಧಾರಾವಾಹಿ ನೋಡುವಾಗ ಪ್ರತಿ ಜಾಹೀರಾತಿಗೂ ಎದ್ದು ಏನಾದರೊಂದನ್ನು ಒರೆಸುತ್ತೇನೆ. ಇಂಥವಳನ್ನು ಅಲ್ಲಾಡದೆ ಕೂರಬೇಕಾದ ಆಟಕ್ಕೆ ಸೇರಿಸಿದ್ದು ದೇವರ ತಮಾಷೆಯೇ ಇರಬೇಕು.

ಅಂಬರನಾಥದ ಕಾರ್ಖಾನೆಗಳ ಸಾಲು ದಾಟಿ ಮುಂದಕ್ಕೆ ಹೋದರೆ ಪಾಟೀಲ್ ಕಾಕಾ ಎಂಬ ಹಿರಿಯರ ಜಮೀನಿದೆ. ಮೊದಲು ಅಲ್ಲಿ ಭತ್ತ ಬೆಳೆಯುತ್ತಿದ್ದರಂತೆ, ಈಗ ತಗಡಿನ ಕಾಗೆ ಬೆಳೆಯುತ್ತಾರೆ. ಕಾಗೆ, ಇಲಿ, ಮೊಲ ಹೀಗೆ ತಗಡಿನಲ್ಲಿ ಕತ್ತರಿಸಿದ ಗುರಿಗಳನ್ನು ಪೊದೆಯ ಪಕ್ಕ, ಹುಣಸೆ ಮರದ ಬುಡ, ಬದುವಿನ ಮೇಲೆ ನಿಲ್ಲಿಸಿರುತ್ತಾರೆ. ಪ್ರತಿಯೊಂದರ ಎದೆಯಲ್ಲೂ ನಾಣ್ಯದಷ್ಟಗಲದ ತೂತು. ಛರ್ರೆ ತೂತಿನೊಳಗೆ ಹೊಕ್ಕರೆ ಕಾಗೆ ಮಗುಚಿ ಬೀಳುತ್ತದೆ. ಮೈಗೆ ತಗುಲಿದರೆ ಟಣ್ ಎನ್ನುತ್ತದೆ ಅಷ್ಟೆ, ನಿಂತಲ್ಲೇ ನಿಂತು ನಮ್ಮನ್ನು ನೋಡುತ್ತದೆ. ಯಾವುದು ಎಷ್ಟು ದೂರದಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ದೂರ ಹೋದಷ್ಟೂ ಛರ್ರೆ ಕೆಳಗಿಳಿಯುತ್ತದೆ, ಆದ್ದರಿಂದ ದೂರ ಗೊತ್ತಿಲ್ಲದೆ ಗುರಿಯಿಲ್ಲ. ಅದನ್ನು ಕಂಡುಹಿಡಿಯಲು ಬಂದೂಕಿನ ಮೇಲೆ ಕೂರಿಸಿದ ಸ್ಕೋಪ್ ಎಂಬ ದುರ್ಬೀನೇ ಗತಿ.

ಈ ಹುಚ್ಚು ಮೊದಲು ಹಿಡಿದದ್ದು ನಮ್ಮವರಿಗೆ. ತುರ್ಭೆಯ ಗೋದಾಮಿನಲ್ಲಿ ವಾರವಿಡೀ ಲಾರಿಗಳನ್ನು ಕಳಿಸುವ ಕೆಲಸ ಅವರದು. ಭಾನುವಾರ ಒಂದು ದಿನ ಮಾತಿಲ್ಲದೆ ಕೂರಬೇಕು ಎನ್ನುತ್ತಿದ್ದರು. ವಾರದ ದಿನಗಳಲ್ಲೂ ಅವರು ಆಡುವ ಮಾತು ಬೆರಳೆಣಿಕೆಯದು, ಅದು ಬೇರೆ ವಿಷಯ. ಮನೆಯಲ್ಲಿ ಒಬ್ಬಳೇ ಕೂರಲಾರದೆ ನಾನೂ ಬೈಕಿನ ಹಿಂದೆ ಹತ್ತಿದೆ. ಕ್ಲಬ್ಬಿನವರಿಗೆಲ್ಲ ನಾನು ಟಿಫಿನ್ ತರುವ ವಹಿನಿ, ಅಂದರೆ ಅತ್ತಿಗೆಯಾದೆ. ಮಂಗಳೂರು ಬನ್ಸ್ ಮುಗಿದ ಮೇಲೆ ಒಂದು ದಿನ ಬೇಸರ ಕಳೆಯಲು ಬಂದೂಕು ಹಿಡಿದೆ. ಹುಣಸೆ ಮರದ ಕೆಳಗಿನ ಮೊಲ ಧಡ್ ಎಂದು ಬಿತ್ತು. ಆಮೇಲೆ ನನ್ನನ್ನು ಎಬ್ಬಿಸುವುದೇ ಕಷ್ಟವಾಯಿತು.

ಬಂದೂಕು ಒಂದು, ನಾವು ಇಬ್ಬರು. ಅದರ ಮೇಲಿದ್ದ ಹಳೆಯ ಸ್ಕೋಪು ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸಿದ್ದು. ನಮ್ಮದು ಸ್ಪ್ರಿಂಗಿನ ಏರ್‌ಗನ್; ಗುಂಡು ಹಾರುವಾಗ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ಅಗ್ಗದ ಸ್ಕೋಪು ಆ ಮುಂದಿನ ಒದೆಯನ್ನು ತಡೆದುಕೊಳ್ಳುವುದಿಲ್ಲ. ಒಂದು ದಿನ ಅದರ ಹೊಟ್ಟೆಯಲ್ಲಿ ಏನೋ ಗಲಗಲ ಎಂದಿತು, ಒಳಗಿನ ಪ್ಲಸ್ ಗುರುತು ವಾಲಿತು. ಹೊಸದು ಬೇಕು, ಆದರೆ ಕೈಗೆಟುಕುವಂಥದ್ದು ಬೇಕು. ಒಳ್ಳೆಯ ಸ್ಕೋಪುಗಳ ಬೆಲೆ ಕೇಳಿದರೆ ಅದರಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಬರುತ್ತದೆ.

ಹುಡುಕಾಟ ನನ್ನ ತಲೆಗೆ ಹತ್ತಿತು. ಲೋಕಲ್ ಗಾಡಿಯಲ್ಲಿ ನಿಂತು ಮೊಬೈಲಿನಲ್ಲಿ ಸ್ಕೋಪು, ಆಫೀಸಿನ ಊಟದ ಹೊತ್ತಿಗೆ ಸ್ಕೋಪು, ಕನಸಿನಲ್ಲೂ ಪ್ಲಸ್ ಗುರುತು. ಐರೋಲಿಯ ಎತ್ತರದ ಕಟ್ಟಡವೊಂದರಲ್ಲಿ ಒಬ್ಬ ಐಟಿ ಕೆಲಸದವನು ತನ್ನದನ್ನು ಮಾರುತ್ತಾನೆ ಎಂದು ಗೊತ್ತಾಗಿ, ಆಫೀಸು ಮುಗಿಸಿ ಇಬ್ಬರೂ ಹೋದೆವು. ಅವನ ಬಾಲ್ಕನಿಯಿಂದ ಖಾಡಿಯ ಉಪ್ಪುನೀರು ಕಾಣುತ್ತಿತ್ತು, ಮುಲುಂಡಿಗೆ ಹೋಗುವ ಸೇತುವೆ ಕಾಣುತ್ತಿತ್ತು. ಸ್ಕೋಪಿಗೆ ಕಣ್ಣಿಟ್ಟೆ. ದೋಣಿಯಲ್ಲಿ ಕೂತವನೊಬ್ಬ ಬೀಡಿ ಹಚ್ಚುತ್ತಿದ್ದದ್ದು, ಕೆಸರಿನಲ್ಲಿ ರಾಜಹಂಸಗಳು ತಲೆ ತಗ್ಗಿಸಿ ಹುಡುಕುತ್ತಿದ್ದದ್ದು ಎಲ್ಲ ಪಕ್ಕದಲ್ಲೇ ಇದ್ದ ಹಾಗೆ ಕಂಡಿತು. ನಾನಂತೂ ಮನಸ್ಸಿನಲ್ಲಿ ವ್ಯವಹಾರ ಮುಗಿಸಿದ್ದೆ. ನಮ್ಮವರು ಸ್ಕೋಪನ್ನು ತೆಗೆದುಕೊಂಡು, ಕೋಣೆಯ ಆಚೆ ತುದಿಯಲ್ಲಿದ್ದ ತುಳಸಿಯ ಕುಂಡಕ್ಕೆ ಹಿಡಿದರು. ಚಕ್ರವನ್ನು ಕೊನೆಯವರೆಗೆ ತಿರುಗಿಸಿ ನನ್ನ ಕೈಗೆ ಕೊಟ್ಟರು. ಹಸಿರು ಮುದ್ದೆ ಬಿಟ್ಟು ಏನೂ ಇಲ್ಲ.

"ಹತ್ರದ್ದು ಕಾಣಂಗಿಲ್ಲ," ಎಂದರು. "ನಮ್ಮ ಇಲಿ ಇಲ್ಲೇ ಕಾಲಬುಡಕ ಇರ್ತಾವ."

ಅವನ ಚಹಾ ಕುಡಿದು, ಬರಿಗೈಯಲ್ಲಿ ಇಳಿದೆವು. ಲಿಫ್ಟಿನಲ್ಲಿ ನಾನು ರಾಜಹಂಸಗಳ ವಿಷಯ ಮಾತಾಡುತ್ತಲೇ ಇದ್ದೆ.

ಕಣ್ಣಿನ ಸಾಮಾನಿಗೆ ಜಗಳವಾಡುವುದು ನಮ್ಮ ಮನೆತನದಲ್ಲೇ ಇದೆ. ನಾನು ಬೆಳೆದದ್ದು ಕಲ್ಯಾಣದಲ್ಲಿ, ಅಪ್ಪ ಗಲ್ಲಾದ ಮೇಲೆ ಕೂರುತ್ತಿದ್ದ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಅಲ್ಲಿ ಅಜ್ಜಿಯೂ ಅಜ್ಜಿಯ ತಂಗಿ ಚಿಕ್ಕಜ್ಜಿಯೂ ಇದ್ದರು, ಇಬ್ಬರಿಗೂ ಸೇರಿ ಒಂದು ಕನ್ನಡಕವಿತ್ತು. ಅಜ್ಜಿಗೆ ಅದು ಪೇಪರು ಓದಲು ಬೇಕು, ಚಿಕ್ಕಜ್ಜಿಗೆ ಅಕ್ಕಿಯ ಕಲ್ಲು ಆರಿಸಲು ಬೇಕು. "ಕೊಡೇ ಇತ್ಲಾಗೆ, ನಿನ್ನ ಓದು ಮುಗಿಯುವಾಗ ಅನ್ನ ಬೆಂದಿರ್ತದೆ," ಎಂದು ಚಿಕ್ಕಜ್ಜಿ ಕಿತ್ತುಕೊಳ್ಳುತ್ತಿದ್ದರು. ಒಬ್ಬೊಬ್ಬರೂ ತಮ್ಮ ಕಿವಿಗೆ ತಕ್ಕಂತೆ ಅದರ ಕಡ್ಡಿಯನ್ನು ಬಗ್ಗಿಸಿ ಬಗ್ಗಿಸಿ, ಕೊನೆಗೆ ಅದು ಯಾರ ಮೂಗಿನ ಮೇಲೂ ನಿಲ್ಲದಂತಾಯಿತು. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಚಿಕ್ಕಜ್ಜಿ ಪೇಪರಿನ ಮೇಲೆ ತಪ್ಪು ಹೊರಿಸುತ್ತಿದ್ದರು. ಅಸಲಿಗೆ ಕನ್ನಡಕ ಇಬ್ಬರದ್ದೂ ಅಲ್ಲ, ತೀರಿಹೋದ ಅಜ್ಜನದು.

ಕೊನೆಗೆ ಸ್ಕೋಪು ಸಿಕ್ಕಿದ್ದೂ ಕಲ್ಯಾಣದಲ್ಲೇ, ಸ್ಟೇಷನ್ನಿನ ಹತ್ತಿರದ ಗಲ್ಲಿಯ ಒಂದು ಅಂಗಡಿಯಲ್ಲಿ. ಅಂಗಡಿಯವನು ಗಾಜಿನ ಮೇಲೆ ಎರಡು ಸ್ಕೋಪು ಇಟ್ಟ. ಎರಡೂ ನಮ್ಮ ಕೈಗೆಟುಕುವಂಥವು, ಎರಡಕ್ಕೂ ಸ್ಪ್ರಿಂಗಿನ ಒದೆ ತಡೆಯುವ ಗ್ಯಾರಂಟಿ, ಎರಡರಲ್ಲೂ ಹತ್ತಿರದ ಇಲಿ ಕಾಣುತ್ತದೆ. ವ್ಯತ್ಯಾಸವಿದ್ದದ್ದು ಹಿಂಬದಿಯಲ್ಲಿ, ನಾವು ಕಣ್ಣಿಡುವ ಕಡೆ.

ಇದೊಂದನ್ನು ನಿಮಗೆ ಹೇಳಲೇಬೇಕು, ಬೇಗ ಮುಗಿಸುತ್ತೇನೆ. ಸ್ಕೋಪಿನ ಪಕ್ಕದಲ್ಲಿ ಒಂದು ಚಕ್ರವಿರುತ್ತದೆ. ಅದನ್ನು ತಿರುಗಿಸುತ್ತ ಹೋದರೆ ಒಂದು ಕಡೆ ಕಾಗೆ ನಿಚ್ಚಳವಾಗುತ್ತದೆ. ಅಲ್ಲಿ ಚಕ್ರದ ಮೇಲೆ ಅಂಟಿಸಿದ ಟೇಪಿನಲ್ಲಿ ಯಾವ ಅಂಕಿ ಬಂದಿದೆಯೋ ಅಷ್ಟು ಮೀಟರ್ ದೂರ. ಹಿಂಬದಿಯಲ್ಲಿ ಇನ್ನೊಂದು ಬಳೆ ಇರುತ್ತದೆ. ಅದು ಪ್ಲಸ್ ಗುರುತನ್ನು ನಮ್ಮ ನಮ್ಮ ಕಣ್ಣಿಗೆ ಹೊಂದಿಸಲು, ಕನ್ನಡಕದ ನಂಬರಿದ್ದ ಹಾಗೆ. ಒಬ್ಬರಿಗೆ ಹೊಂದಿಸಿದ ಬಳೆ ಇನ್ನೊಬ್ಬರಿಗೆ ಮಸುಕು. ಬಳೆ ಅಲ್ಲಾಡಿದರೆ ಚಕ್ರದ ಅಂಕಿಗಳೂ ಸುಳ್ಳಾಗುತ್ತವೆ.

ಒಂದು ಸ್ಕೋಪಿನ ಬಳೆ ಬೆರಳಲ್ಲಿ ಸಲೀಸಾಗಿ ತಿರುಗುತ್ತಿತ್ತು. ಇನ್ನೊಂದರದ್ದು ಬಿಗಿ, ಮೇಲೆ ಅದನ್ನು ಅದುಮಿ ಹಿಡಿಯುವ ಇನ್ನೊಂದು ಬಳೆ. ಒಮ್ಮೆ ಹೊಂದಿಸಿ ಬಿಗಿದರೆ ಅಲ್ಲಾಡದು.

"ಇದು ಚಲೋ," ಎಂದು ನಮ್ಮವರು ಸಲೀಸಾದದ್ದನ್ನು ಮುಟ್ಟಿದರು. "ಇಬ್ರಿಗೂ ಆಗ್ತೈತಿ."

"ಇಬ್ರಿಗೂ ಆಗ್ತದೆ ಅಂದ್ರೆ ನಿಮ್ಗೆ ಆಗ್ತದೆ ಅಂತ ಅರ್ಥ," ಎಂದೆ. "ನಂಗೆ ಬಿಗಿದಿಡುವಂಥದ್ದೇ ಬೇಕು ಮಾರಾಯ್ರೆ."

ಅಂಗಡಿಯವನಿಗೆ ಕನ್ನಡ ಬಾರದಿದ್ದರೂ ಯಾವುದನ್ನು ಪ್ಯಾಕ್ ಮಾಡಬೇಕು ಎಂದು ತಿಳಿಯಿತು.

ನನ್ನ ಹಟಕ್ಕೆ ಕಾರಣವಿತ್ತು. ನಮ್ಮ ಬಾತ್‌ರೂಮಿನ ಕನ್ನಡಿಗೆ ಮೊಳೆ ಹೊಡೆದವರು ನಮ್ಮವರು, ತಮ್ಮ ಎತ್ತರಕ್ಕೆ. ನನಗೆ ಅದರಲ್ಲಿ ಬೈತಲೆಯೂ ಅರ್ಧ ಹಣೆಯೂ ಕಾಣುತ್ತವೆ, ಬೊಟ್ಟು ಇಟ್ಟುಕೊಳ್ಳಲು ಮದುವೆಯಾದಾಗಿನಿಂದ ತುದಿಗಾಲಲ್ಲಿ ನಿಲ್ಲುತ್ತಿದ್ದೇನೆ. ಅಡುಗೆಕಟ್ಟೆ ಹಿಂದಿನ ಮಾಲೀಕರ ಅಳತೆಗೆ ಕಟ್ಟಿಸಿದ್ದು. ಆಫೀಸಿನ ಕುರ್ಚಿ ನನಗಿಂತ ಮೊದಲು ಕೂರುತ್ತಿದ್ದವರ ಬೆನ್ನಿಗೆ ಹೊಂದಿಕೊಂಡುಬಿಟ್ಟಿದೆ. ಹಳೆಯ ಸ್ಕೋಪು ಅವರ ಕಣ್ಣಿನದು. ನಾನು ಹುಬ್ಬು ಗಂಟಿಕ್ಕಿ ಅದರಲ್ಲೇ ಸುಧಾರಿಸಿಕೊಂಡೆ. ನಾನು ಚೆನ್ನಾಗಿ ಹೊಡೆಯಬಲ್ಲೆನೋ ಇಲ್ಲವೋ ಎಂದು ನನಗೇ ತಿಳಿದಿರಲಿಲ್ಲ, ಏಕೆಂದರೆ ಒಮ್ಮೆಯೂ ಸರಿಯಾಗಿ ಕಂಡಿರಲಿಲ್ಲ. ನನ್ನ ಕಣ್ಣಿಗೆ ಎಂದು ಹೊಂದಿಸಿಟ್ಟ ಒಂದು ವಸ್ತು ನನಗೆ ಬೇಕಾಗಿತ್ತು. ಕ್ಲಬ್ಬಿನ ವರ್ಷದ ಪಂದ್ಯ ಹತ್ತಿರ ಬರುತ್ತಿತ್ತು. ಅಲ್ಲಿ ಒಮ್ಮೆಯಾದರೂ ಬನ್ಸಿನ ವಹಿನಿಯಾಗಿ ಅಲ್ಲ, ಗುರಿ ಹೊಡೆಯುವವಳಾಗಿ ಕೂರಬೇಕು ಎಂಬ ಆಸೆ ಎದೆಯಲ್ಲಿ ಕುದಿಯುತ್ತಿತ್ತು.

ಅವರಿಗೂ ಆ ಪಂದ್ಯದ ಮೇಲೆ ಆಸೆಯಿತ್ತು ಎಂದು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪ್ರತಿ ವರ್ಷ ಎರಡನೆಯವರು. ಕೇರಮ್ಮಿನಿಂದ ಹಿಡಿದು ಆ ಮನುಷ್ಯನಿಗೆ ಎರಡನೆಯದೇ ಬರೆದಿದೆ. ಬಾಯಿ ಬಿಟ್ಟು ಹೇಳುವವರಲ್ಲ, ಆದರೆ ಪಂದ್ಯದ ವಾರ ಎರಡು ಸಲ ಗಡ್ಡ ಹೆರೆಯುತ್ತಾರೆ.

ಟೇಪಿನ ಮೇಲೆ ಅಂಕಿ ಬರೆಯುವುದಕ್ಕೆ ಉದ್ದದ ಜಾಗ ಬೇಕು. ಡೊಂಬಿವಲಿಯಲ್ಲಿ ಉದ್ದದ ಜಾಗ ಎಂದರೆ ರೈಲ್ವೆ ಪ್ಲಾಟ್‌ಫಾರ್ಮು ಮಾತ್ರ. ಅಲ್ಲಿ ಸ್ಕೋಪು ಹಿಡಿದು ನಿಂತರೆ ಮುಂದಿನ ಭಾನುವಾರ ಎಲ್ಲಿರುತ್ತೇವೋ ಹೇಳಲಾಗದು. ಅದಕ್ಕೆ ಸೊಸೈಟಿಯ ಟೆರೇಸು ಹತ್ತಿದೆವು. ಎರಡು ವಿಂಗಿನ ಟೆರೇಸು ಒಂದಕ್ಕೊಂದು ಕೂಡಿವೆ. ನಮ್ಮವರು ಅಳತೆ ಪಟ್ಟಿ ಹಾಸಿ, ತೊಗರಿಬೇಳೆಯ ಖಾಲಿ ಪ್ಯಾಕೆಟ್ಟುಗಳನ್ನು ಇಟ್ಟಿಗೆಗೆ ಒರಗಿಸುತ್ತ ಹೋದರು. ಬಂದೂಕು ಮನೆಯಲ್ಲೇ ಇತ್ತು. ಸ್ಕೋಪನ್ನು ಒಂದು ಸ್ಟೂಲಿನ ಮೇಲೆ ಕಟ್ಟಿ ನಾನು ಕಣ್ಣಿಟ್ಟೆ. ಮೊದಲು ಹಿಂಬದಿಯ ಬಳೆಯನ್ನು ತಿರುಗಿಸಿ ತಿರುಗಿಸಿ, ಪ್ಲಸ್ ಗುರುತು ತಲೆಗೂದಲಿನಷ್ಟು ತೆಳ್ಳಗೆ, ಕಪ್ಪಗೆ ಕಂಡ ಕಡೆ ಬಿಗಿದೆ. ಆಮೇಲೆ ಚಕ್ರ. ಪ್ಯಾಕೆಟ್ಟಿನ ಮೇಲಿನ ಅಕ್ಷರ ಓದಲು ಬಂದ ಕೂಡಲೇ "ಹಾಂ" ಎನ್ನುತ್ತಿದ್ದೆ, ಅವರು ಚಕ್ರಕ್ಕೆ ಸುತ್ತಿದ ಬಿಳಿ ಟೇಪಿನ ಮೇಲೆ ಗೆರೆ ಎಳೆಯುತ್ತಿದ್ದರು.

"ಅಂಕಿ ಯಾವುದ್ರಾಗ ಬರೀಲಿ?"

"ಕನ್ನಡದಲ್ಲೇ ಬರೀರಿ. ಕ್ಲಬ್ಬಿನವ್ರು ಇಣುಕಿ ನೋಡಿದ್ರೂ ಗೊತ್ತಾಗ್ಬಾರ್ದು."

ಕೆಲಸ ಅರ್ಧವಾಗಿತ್ತು. ಹಪ್ಪಳ ಎತ್ತಿಕೊಳ್ಳಲು ಮೇಲೆ ಬಂದ ಪಕ್ಕದ ಮನೆಯ ಕಾಕು "ವಹಿನಿ, ಹೇ ಕಾಯ್ ಚಾಲ್ಲಂಯ್?" ಎಂದು ನಿಂತುಬಿಟ್ಟರು. ಇದೇನು ನಡೆಸಿದ್ದೀರಿ ಎಂದು. ಏನು ಹೇಳಿದರೂ ನಂಬುವ ಮುಖ ಅವರದಲ್ಲ. ಮಲಂಗಗಡದ ಬೆಟ್ಟ ನೋಡುತ್ತಿದ್ದೇವೆ ಎಂದೆ. ಹಾಗಾದರೆ ನನಗೂ ತೋರಿಸಿ ಎಂದು ಸ್ಟೂಲಿನ ಮುಂದೆ ಕೂತರು. ಬೆಟ್ಟ ನೋಡಿದರು, ಅದರ ಕೊಂಬಿನಂಥ ಬಂಡೆ ನೋಡಿದರು, ನಿಧಾನವಾಗಿ ಸ್ಕೋಪನ್ನು ಕೆಳಗಿಳಿಸಿ ಎದುರಿನ ಕಟ್ಟಡಕ್ಕೆ ತಂದರು. ಒಂದು ಬಾಲ್ಕನಿಯಲ್ಲಿ ನಿಂತುಬಿಟ್ಟರು.

"ಅಗಂ ಬಾಈ! ಮಾಝೀ ಚಾದರ್!"

ಮಳೆಗಾಲದ ಗಾಳಿಗೆ ಹಾರಿಹೋಗಿದ್ದ ಅವರ ಹಾಸಿಗೆಯ ಹೊದಿಕೆ ಅಲ್ಲಿ ಒಣಗುತ್ತಿತ್ತು. ಕಾಕು ಹಪ್ಪಳ ಬಿಟ್ಟು ಇಳಿದು ಹೋದರು. ಆ ಗಲಾಟೆ ಎಷ್ಟು ದೊಡ್ಡದಾಯಿತೆಂದರೆ, ಟೆರೇಸಿನಲ್ಲಿ ದುರ್ಬೀನು ತರಬಾರದು ಎಂದು ಸೆಕ್ರೆಟರಿ ಸೊಸೈಟಿಯ ಗ್ರೂಪಿನಲ್ಲಿ ಸಂದೇಶ ಹಾಕಿದರು. ನನ್ನ ಟೇಪು ಅಷ್ಟರಲ್ಲಿ ತುಂಬಿತ್ತು. ಅವರ ಕಣ್ಣಿಗೆ ಇನ್ನೊಂದು ಟೇಪು ಮಾಡಬೇಕಾಗಿತ್ತು, ಕತ್ತಲಾಗುತ್ತ ಬಂತು. "ನಂದು ಆಮ್ಯಾಲೆ ನೋಡೂಣು," ಎಂದು ಅವರು ಅಳತೆ ಪಟ್ಟಿ ಸುತ್ತಿಕೊಂಡರು. ಆ ಆಮೇಲೆ ಬರಲೇ ಇಲ್ಲ. ನನ್ನ ಟೇಪು ಬೆವರಿಗೆ ಕಿತ್ತುಬಂದಾಗಲೆಲ್ಲ ಹೊಸದು ಅಂಟಿಸಿ, ಗೆರೆಗಳನ್ನು ನಕಲು ಮಾಡಿ ಡಬ್ಬಿಯ ಸುರುಳಿಯನ್ನು ಮುಗಿಸಿದೆ. ಅವರ ಟೇಪಿನ ನೆನಪೇ ಆಗಲಿಲ್ಲ.

ಭಾನುವಾರಗಳಲ್ಲಿ ಅವರು ತಮ್ಮ ಸರದಿ ಬಂದಾಗ ಮೇಲಿನ ಬಳೆ ಸಡಿಲಿಸಿ, ತಮ್ಮ ಕಣ್ಣಿಗೆ ತಿರುಗಿಸಿಕೊಂಡು ಹೊಡೆಯುತ್ತಿದ್ದರು. ದೂರವನ್ನು ಬರಿಗಣ್ಣಿನ ಅಂದಾಜಿನಲ್ಲೇ ಹಿಡಿಯುವ ರೂಢಿ ಅವರದು, ಟೇಪಿಲ್ಲದೆಯೂ ಸಾಗುತ್ತಿತ್ತು. ಆದರೆ ನನ್ನ ಸರದಿ ಬಂದಾಗ ಎಲ್ಲ ಮಸುಕು. ಮತ್ತೆ ಹುಡುಕಬೇಕು. ಒಂದು ಕೂದಲಿನಷ್ಟು ಆಚೀಚೆಯಾದರೂ ಅಂಕಿ ಸುಳ್ಳು. ಪಂದ್ಯದ ಹಿಂದಿನ ಭಾನುವಾರ ಸಾಲಾಗಿ ನಾಲ್ಕು ಗುರಿ ತಪ್ಪಿದವು. ತಗಡಿನ ಕಾಗೆಗಳೆಲ್ಲ ನಿಂತು ನನ್ನನ್ನೇ ನೋಡುತ್ತಿದ್ದವು. ನನಗೆ ರೇಗಿಹೋಯಿತು. ಎಲ್ಲರೆದುರಿಗೆ ಬಂದೂಕು ಚಾಪೆಯ ಮೇಲಿಟ್ಟು ಎದ್ದೆ.

"ಮತ್ತೆ ತಿರುಗಿಸಿದ್ರಾ? ಆ ಮನೆಯಲ್ಲಿ ನನ್ನ ಕಣ್ಣಿಗೆ ಅಂತ ಒಂದಾದ್ರೂ ಉಂಟಾ? ಇದೊಂದನ್ನಾದ್ರೂ ಮುಟ್ಟದೆ ಇರ್ಲಿಕ್ಕೆ ಆಗುದಿಲ್ವಾ ನಿಮ್ಗೆ?"

ಕನ್ನಡ ಬಾರದ ಹನ್ನೆರಡು ಜನ ಹುಣಸೆ ಮರದ ಎಲೆ ಎಣಿಸುತ್ತ ನಿಂತರು. ನಮ್ಮವರು ಚಾಪೆ ಸುತ್ತಿಕೊಂಡರು. ಬೈಕಿನಲ್ಲಿ ಮನೆಯವರೆಗೂ ಅವರ ಬೆನ್ನಿಗೆ ನಾನೊಬ್ಬಳೇ ಮಾತಾಡಿದೆ.

ಪಂದ್ಯದ ದಿನ ಬಿಸಿಲು ಬೆಳಗಿನಿಂದಲೇ ಚುರುಗುಟ್ಟುತ್ತಿತ್ತು. ಊಟಕ್ಕೆ ಮೊದಲು ಅರ್ಧ ಗುರಿಗಳು, ಊಟದ ನಂತರ ಉಳಿದರ್ಧ. ಬಂದೂಕು ಒಂದೇ ಆದ್ದರಿಂದ ನಮ್ಮವರದ್ದು ಮೊದಲ ತಂಡ, ನನ್ನದು ಎರಡನೆಯದು. ಅವರು ಹೊಡೆಯುವಾಗ ನನಗೆ ನೋಡಲಾಗಲಿಲ್ಲ. ನೀರಿನ ಕ್ಯಾನಿನ ಹತ್ತಿರ ಹೋದೆ, ಬಂದೆ. ಟಿಫಿನ್ನಿನ ಮುಚ್ಚಳ ತೆಗೆದು ಮುಚ್ಚಿದೆ. ಯಾರದೋ ಚಪ್ಪಲಿಗಳನ್ನು ಜೋಡಿಸಿಟ್ಟೆ. ಟಣ್, ಟಣ್ ಎಂಬ ಸದ್ದು ಬರುತ್ತಿತ್ತು. ಬಿದ್ದ ಧಡ್ ಸದ್ದು ಅಪರೂಪಕ್ಕೆ ಒಮ್ಮೆ. ಅವರು ಎದ್ದು ಬಂದಾಗ ಅಂಗಿ ಬೆನ್ನಿಗಂಟಿತ್ತು.

"ಎಂತ ಆಯ್ತು?"

"ಗಾಳಿ ಇತ್ತು."

ಹುಣಸೆಯ ಒಂದು ಎಲೆಯೂ ಅಲ್ಲಾ‌ಡುತ್ತಿರಲಿಲ್ಲ. ಆದರೆ ನನ್ನ ಹೆಸರು ಕರೆದುಬಿಟ್ಟರು. ಬಂದೂಕು ಕಸಿದುಕೊಂಡ ಹಾಗೆ ತೆಗೆದುಕೊಂಡು ಓಡಿದೆ.

ಕೂತೆ, ಕಣ್ಣಿಟ್ಟೆ. ಪ್ಲಸ್ ಗುರುತು ತೆಳ್ಳಗೆ, ಕಪ್ಪಗೆ, ಟೆರೇಸಿನಲ್ಲಿ ಕಂಡ ಹಾಗೇ ಕಂಡಿತು. ಪರವಾಗಿಲ್ಲವೇ, ಹೊಡೆದಾದ ಮೇಲೆ ನನಗೆ ಹೊಂದಿಸಿಯೇ ಕೊಟ್ಟಿದ್ದಾರಲ್ಲ, ಬೈದದ್ದು ಕೆಲಸ ಮಾಡಿದೆ ಎಂದುಕೊಂಡೆ. ಚಕ್ರ ತಿರುಗಿಸಿದೆ. ಕಾಗೆಯ ರೆಕ್ಕೆಯ ಮೇಲಿನ ಬಣ್ಣದ ಬಿರುಕು ಕಂಡಿತು. ಅಂಕಿ ಓದಿದೆ. ಬಿತ್ತು. ಇಲಿ ಬಿತ್ತು. ಮೊಲ ಬಿತ್ತು. ನಾನು ಅಲ್ಲಾಡದೆ ಕೂತಿದ್ದೇನೆ ಎಂಬುದು ನನಗೇ ಗೊತ್ತಾಗಲಿಲ್ಲ. ಎರಡೇ ಎರಡು ತಪ್ಪಿದವು. ಊಟದ ಹೊತ್ತಿಗೆ ಪಾಟೀಲ್ ಕಾಕಾ ಹಲಗೆಯ ಮೇಲೆ ಹೆಸರು ಬರೆದಾಗ ಎಲ್ಲಕ್ಕಿಂತ ಮೇಲೆ ನನ್ನದಿತ್ತು. "ವಹಿನೀ ಟಾಪ್!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ನನಗೆ ಕುಣಿಯುವಷ್ಟು ಸಂತೋಷವಾಯಿತು. ನಮ್ಮವರ ಹೆಸರು ಕೆಳಗೆ ಎಲ್ಲೋ ಇತ್ತು. ಅದನ್ನು ಆಮೇಲೆ ನೋಡಿದೆ.

ಬನ್ಸು ಹಂಚುವಾಗ ಪಾಟೀಲ್ ಕಾಕಾ ಪಕ್ಕಕ್ಕೆ ಬಂದು ನಿಂತರು. ಬೆಳಿಗ್ಗೆ ನಮ್ಮವರ ಅಂಕ ಬರೆದುಕೊಂಡವರು ಅವರೇ.

"ಭಾವೂಂಚೇ ಡೋಳೇ ತಪಾಸೂನ್ ಘ್ಯಾ, ವಹಿನೀ," ಎಂದರು. ಅವರ ಕಣ್ಣು ತೋರಿಸಿಕೊಂಡು ಬನ್ನಿ ಎಂದು. ಬೆಳಿಗ್ಗೆಯೆಲ್ಲ ಕಣ್ಣು ಉಜ್ಜುತ್ತಿದ್ದರಂತೆ, ಮಿಟುಕಿಸುತ್ತಿದ್ದರಂತೆ. ಪ್ಲಸ್ ಕಾಣದಿದ್ದರೆ ಹಿಂದಿನ ಬಳೆ ತಿರುಗಿಸಿಕೋ ಎಂದು ಕಾಕಾ ಎರಡು ಸಲ ಹೇಳಿದರಂತೆ. "ನಕೋ ನಕೋ, ತೇ ತಿಚಂ ಆಹೇ," ಎಂದರಂತೆ ನಮ್ಮವರು. ಬೇಡ ಬೇಡ, ಅದು ಅವಳದು.

ನನ್ನ ಕೈಯಲ್ಲಿದ್ದ ಬನ್ಸು ಕೈಯಲ್ಲೇ ಉಳಿಯಿತು.

ಅವರು ಬದುವಿನ ಮೇಲೆ ಕೂತು ಚಟ್ನಿಪುಡಿಗೆ ಎಣ್ಣೆ ಕಲಸುತ್ತಿದ್ದರು. ಹೋಗಿ ಎದುರಿಗೆ ನಿಂತೆ.

"ಬಳೆ ಮುಟ್ಟಲೇ ಇಲ್ವಾ ನೀವು?"

"ಇಲ್ಲ."

"ಹಾಗಾದ್ರೆ ನಿಮ್ಗೆ ಎಂತ ಕಾಣ್ತಿತ್ತು?"

"ಕಾಗಿ ಕಾಣ್ತಿತ್ತು. ಗೆರಿ ಕಾಣ್ತಿದ್ದಿಲ್ಲ. ಅಂದಾಜಿಲೆ ಹೊಡದೆ." ಆಮೇಲೆ ಬೆರಳು ನೆಕ್ಕುತ್ತ, "ತಿರುವಿದ್ರ ನೀ ಮತ್ತ ಹುಡಕಬೇಕಾಗ್ತಿತ್ತು," ಎಂದರು.

ನನಗೆ ಬಂದದ್ದು ಮೊದಲು ಸಿಟ್ಟು. ಹೇಳದೆ ಕೇಳದೆ ಸೋತು ಕೂತಿದ್ದಾರಲ್ಲ, ನಾನು ಕುಣಿಯುವಾಗ ಸುಮ್ಮನೆ ನೋಡಿದರಲ್ಲ ಎಂಬ ಸಿಟ್ಟು. ಆಮೇಲೆ ಅಳು ಬಂತು. ಅಳುವುದನ್ನು ಹನ್ನೆರಡು ಜನರೆದುರು ಮಾಡಲಾಗದೆ, ಬಂದೂಕು ಇದ್ದ ಕಡೆ ಹೊರಟೆ. ಊಟ ಮುಗಿದ ಮೇಲೆ ಮತ್ತೆ ಅವರದೇ ಮೊದಲ ಸರದಿ. ಬಂದೂಕು ತೊಡೆಯ ಮೇಲಿಟ್ಟುಕೊಂಡು ಬಳೆಯನ್ನು ಸಡಿಲಿಸಿದೆ. ಸಡಿಲಿಸಿದರೆ ನನ್ನದು ಹೋಗುತ್ತದೆ, ಹಲಗೆಯ ಮೇಲಿನ ಹೆಸರೂ ಕೆಳಗಿಳಿಯಬಹುದು ಎಂದು ಚೆನ್ನಾಗಿ ಗೊತ್ತಿತ್ತು. ಹೋಗಲಿ ಎನಿಸಿತು. ಅವರ ಕಣ್ಣಿಗೆ ಹೊಂದಿಸಿ ಕೈಗೆ ಕೊಡಬೇಕು, ಬಾಯಿ ಮುಚ್ಚಿ ಹೊಡೀರಿ ಎನ್ನಬೇಕು.

ಬಳೆಯ ಮೇಲೆ ಬೆರಳಿಟ್ಟವಳು ಹಾಗೇ ಕೂತೆ. ಯಾವ ಕಡೆಗೆ ತಿರುಗಿಸುವುದು? ಬಲಕ್ಕೋ ಎಡಕ್ಕೋ? ಎಷ್ಟು? ನನಗೆ ಗೊತ್ತಿರಲಿಲ್ಲ. ಕನ್ನಡಿಯ ಎತ್ತರ, ಕಟ್ಟೆಯ ಎತ್ತರ, ನನ್ನ ಕಣ್ಣು, ನನ್ನ ಟೇಪು ಎಂದು ಇಷ್ಟು ದಿನ ಲೆಕ್ಕ ಹಾಕಿದವಳಿಗೆ ಆ ಮನುಷ್ಯನಿಗೆ ಎಲ್ಲಿ ನಿಚ್ಚಳವಾಗಿ ಕಾಣುತ್ತದೆ ಎಂಬುದು ಗೊತ್ತೇ ಇರಲಿಲ್ಲ.

"ಇಲ್ಲಿ ಬನ್ನಿ," ಎಂದು ಕೂಗಿದೆ.

ಕೈ ತೊಳೆದುಕೊಂಡು ಬಂದರು. ಸಡಿಲಾದ ಬಳೆ ನೋಡಿ, "ಯಾಕ ಬಿಚ್ಚಿದಿ? ನಿಂದು ಚಲೋ ನಡದಿತ್ತಲ್ಲ," ಎಂದರು.

"ನೀವು ಕೂತ್ಕೊಳ್ಳಿ. ಮಾತಾಡ್ಬೇಡಿ. ಕಣ್ಣಿಡಿ."

ಕೂತು ಕಣ್ಣಿಟ್ಟರು. ನಾನು ಪಕ್ಕದಲ್ಲಿ ಮಂಡಿಯೂರಿ, ಕಣ್ಣಿನ ಡಾಕ್ಟರು ಗಾಜು ಬದಲಿಸುವ ಹಾಗೆ ಬಳೆಯನ್ನು ಒಂದೊಂದೇ ಚೂರು ತಿರುಗಿಸುತ್ತ ಹೋದೆ.

"ಈಗ?"

"ಇಲ್ಲ."

"ಈಗ?"

"ಇನ್ನೂ ಮಸಕೈತಿ."

ಆ ಕಡೆಯಲ್ಲ ಎಂದು ಈ ಕಡೆಗೆ ತಿರುಗಿಸಿದೆ. ಹಿಂದಿನಿಂದ ಕಾಕಾ ಹೊತ್ತಾಯಿತು ಎಂದು ಕರೆಯುತ್ತಿದ್ದರು. ನನಗೆ ಅವಸರವಿರಲಿಲ್ಲ.

"ಈಗ?"

"ಇನ್ನೊಂದೀಟು... ಹಾಂ. ಕಾಣ್ತು ನೋಡು. ಅಲ್ಲೇ ಬಿಡು."

ಅಲ್ಲೇ ಬಿಟ್ಟೆ. ನನ್ನ ಕಣ್ಣಿನಿಂದ ಅವರ ಕಣ್ಣಿಗೆ ಎಡಗಡೆಗೆ ಒಂದೂವರೆ ಸುತ್ತು.